ಅಡುಗೆಕಟ್ಟೆಯ ಮೇಲಿನ ಕೈನೆರಳು: ಕಪಾಟಿನಡಿ ದೀಪ ಅಳವಡಿಸುವ ಮುನ್ನ ತಿಳಿದಿರಬೇಕಾದ್ದು

ನಗರದ ಬಹುಪಾಲು ಮನೆಗಳಲ್ಲಿ ಅಡುಗೆಮನೆಯ ದೀಪಕ್ಕೆ ಎರಡೇ ನೆಲೆ. ಒಂದೋ ಅದು ಚಾವಣಿಯ ನಡುವೆ ಇರುತ್ತದೆ, ಇಲ್ಲವೇ ಬಾಗಿಲ ನೆತ್ತಿಯ ಗೋಡೆಯಲ್ಲಿ. ಅಡುಗೆ ಮಾಡುವವರಾದರೋ ಕಟ್ಟೆಯ ಮುಂದೆ, ಗೋಡೆಗೆ ಮುಖಮಾಡಿ ನಿಂತಿರುತ್ತಾರೆ. ದೀಪ ಬೆನ್ನ ಹಿಂದೆ, ಕೆಲಸ ಎದೆಯ ಮುಂದೆ. ಹೀಗಾಗಿ ಸಂಜೆ ಕವಿದ ಬಳಿಕ ಈರುಳ್ಳಿ ಹೆಚ್ಚುವ ಕೈ, ಕತ್ತಿಯ ಅಲಗು, ಮಣೆಯ ಮೇಲಿನ ತರಕಾರಿ ಎಲ್ಲವೂ ಹೆಚ್ಚುವವರ ನೆರಳಿನಲ್ಲೇ ಇರುತ್ತವೆ. ಕೋಣೆಯಲ್ಲಿ ಬೆಳಕು ಸಾಲದೆಂದು ಇನ್ನಷ್ಟು ಪ್ರಖರವಾದ ಟ್ಯೂಬ್‌ಲೈಟ್ ತಂದು ಹಾಕಿದರೆ ನೆರಳು ಇನ್ನಷ್ಟು ಗಾಢವಾಗುತ್ತದೆಯೇ ಹೊರತು ಮಾಯವಾಗುವುದಿಲ್ಲ.

ಮೇಲಿನ ಕಪಾಟುಗಳ ತಳಕ್ಕೆ ದೀಪ ಅಳವಡಿಸುವ ಕ್ರಮವನ್ನು ನಮ್ಮಲ್ಲಿ ಹೆಚ್ಚಾಗಿ ಅಲಂಕಾರವೆಂದೇ ಭಾವಿಸಲಾಗಿದೆ. ಮಾಡ್ಯುಲರ್ ಕಿಚನ್ ಮಾರುವ ಮಳಿಗೆಗಳ ಪ್ರದರ್ಶನದಲ್ಲಿ ಅದು ಮಿನುಗುವ ಬಗೆಯೂ ಹಾಗೆಯೇ ಇದೆ. ವಾಸ್ತವದಲ್ಲಿ ಅದು ಕತ್ತಿ ಹಿಡಿದ ಕೈಗೆ ಬೇಕಾದ ಬೆಳಕು. ಆದರೆ ಅದೇ ದೀಪವನ್ನು ನೀರು, ಉಗಿ, ಎಣ್ಣೆಜಿಡ್ಡು ಮತ್ತು ಅನಿಲ ಇವೆಲ್ಲ ಒಂದೆಡೆ ಸೇರುವ ಜಾಗದಲ್ಲಿ ಹಾಕುತ್ತೇವೆ ಎಂಬುದನ್ನು ಮರೆತರೆ, ಒಂದು ಅಪಾಯ ಕಳೆಯಲು ಹೋಗಿ ಮತ್ತೊಂದನ್ನು ಮನೆಗೆ ಕರೆತಂದಂತಾಗುತ್ತದೆ.

ನಿಂತು ಮಾಡುವ ಅಡುಗೆಯ ನೆರಳು

ನೆರಳಿನ ಈ ಸಮಸ್ಯೆ ನಮ್ಮ ಹಳೆಯ ಅಡುಗೆಮನೆಗಳಲ್ಲಿ ಈ ರೂಪದಲ್ಲಿ ಇರಲಿಲ್ಲ. ಅಲ್ಲಿ ಹೊಗೆ ಇತ್ತು, ಮಬ್ಬೂ ಇತ್ತು. ಆದರೆ ಈಳಿಗೆಮಣೆಯ ಮೇಲೆ ಕುಳಿತವರು ಬೆಳಕಿನ ಕಡೆಗೆ ತಿರುಗಿ ಕುಳಿತುಕೊಳ್ಳಬಹುದಿತ್ತು. ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಲ್ಲಿ ಒಲೆಯ ಹತ್ತಿರದ ಮಾಡಿಗೆ ಒಂದೆರಡು ಗಾಜಿನ ಹೆಂಚು ಹೊದಿಸುತ್ತಿದ್ದುದು ಇದೇ ಕಾರಣಕ್ಕೆ. ರಾತ್ರಿಯಾದರೆ ಬುಡ್ಡಿದೀಪವನ್ನು ಕೆಲಸದ ಮುಂದೆಯೇ ಇಟ್ಟುಕೊಳ್ಳುತ್ತಿದ್ದರು. ಎಂದರೆ, ದೀಪ ಕೈಯನ್ನು ಹಿಂಬಾಲಿಸುತ್ತಿತ್ತು. ನಿಂತು ಅಡುಗೆ ಮಾಡುವ ಕಟ್ಟೆ ಗೋಡೆಗೆ ಅಂಟಿಕೊಂಡು ಬಂದ ಮೇಲೆ ದೀಪ ಚಾವಣಿಗೆ ಏರಿ ಅಲ್ಲೇ ಸ್ಥಿರವಾಯಿತು.

ಇಂದಿನ ಮಾಡ್ಯುಲರ್ ಅಡುಗೆಮನೆಯ ಪೂರ್ವಜ ಎನಿಸಿದ ‘ಫ್ರಾಂಕ್‌ಫರ್ಟ್ ಅಡುಗೆಮನೆ’ಯನ್ನು 1926ರಲ್ಲಿ ರೂಪಿಸಿದವರು ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ. ಸುಮಾರು 10 ಸಾವಿರ ಮನೆಗಳಲ್ಲಿ ಅಳವಡಿಕೆಯಾದ ಆ ಪುಟ್ಟ ಕೋಣೆಯಲ್ಲಿ ಚಾವಣಿಯ ದೀಪ ಒಂದು ಹಳಿಯ ಮೇಲೆ ಜಾರುತ್ತಿತ್ತು. ಕೆಲಸ ಎಲ್ಲಿದೆಯೋ ಅಲ್ಲಿಗೆ ದೀಪವನ್ನು ಎಳೆದುಕೊಳ್ಳಬಹುದಾಗಿತ್ತು. ಅಡುಗೆಮನೆಯ ಬೆಳಕನ್ನು ಪ್ರತ್ಯೇಕವಾಗಿ ಯೋಚಿಸಬೇಕೆಂಬ ತಿಳಿವಳಿಕೆ ಸುಮಾರು ನೂರು ವರ್ಷ ಹಳೆಯದು. ನಾವು ಆ ವಿನ್ಯಾಸದ ಕಪಾಟುಗಳನ್ನು ಅನುಸರಿಸಿದೆವು, ದೀಪವನ್ನು ಅಲ್ಲಿಯೇ ಬಿಟ್ಟೆವು.

ಮೇಲಿನ ಕಪಾಟುಗಳು ಬಂದ ಬಳಿಕ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತೆನ್ನಬೇಕು. ನಮ್ಮಲ್ಲಿ ಕಟ್ಟೆಯ ಅಗಲ ಸಾಮಾನ್ಯವಾಗಿ 60 ಸೆಂ.ಮೀ., ಮೇಲಿನ ಕಪಾಟಿನ ಆಳ 30ರಿಂದ 35 ಸೆಂ.ಮೀ., ಇವೆರಡರ ನಡುವಿನ ಅಂತರ 45ರಿಂದ 60 ಸೆಂ.ಮೀ. ಅಂದರೆ ಕಟ್ಟೆಯ ಹಿಂದಿನ ಅರ್ಧಭಾಗ ಕಪಾಟಿನ ನೆರಳಿಗೆ ಸೇರಿಹೋಗುತ್ತದೆ, ಮುಂದಿನ ಅರ್ಧ ನಿಂತವರ ಮೈನೆರಳಿಗೆ.

ದೀಪ ಎಲ್ಲಿರಬೇಕು?

ಯಾವ ದೀಪ ಎಂಬುದಕ್ಕಿಂತ ಎಲ್ಲಿ ಎಂಬ ಪ್ರಶ್ನೆಯೇ ಮುಖ್ಯ. ಬಡಗಿಗಳು ಸಾಮಾನ್ಯವಾಗಿ ದೀಪವನ್ನು ಕಪಾಟಿನ ತಳದ ಹಿಂಬದಿಗೆ, ಗೋಡೆಗೆ ತಾಗಿಸಿ ಕೂರಿಸುತ್ತಾರೆ. ತಂತಿ ಅಡಗಿಸಲು ಸುಲಭವೆಂಬುದು ಕಾರಣ. ಇದರಿಂದ ಗೋಡೆಯ ಟೈಲ್ಸ್ ಬೆಳಗುತ್ತದೆ, ಮಣೆ ಬೆಳಗುವುದಿಲ್ಲ. ಹೆಚ್ಚುವ ಮಣೆ ಇರುವುದು ಕಟ್ಟೆಯ ಮುಂಭಾಗದಲ್ಲಿ. ಆದ್ದರಿಂದ ದೀಪ ಕಪಾಟಿನ ತಳದ ಮುಂಬದಿಯಲ್ಲಿ, ಬಾಗಿಲಿನಿಂದ ನಾಲ್ಕೈದು ಸೆಂ.ಮೀ. ಒಳಗೆ ಇರುವುದು ಉಚಿತ. ಆಗ ಬೆಳಕು ಕಣ್ಣಿಗೂ ಕೈಗೂ ನಡುವಿನಿಂದ ಇಳಿಯುತ್ತದೆ. ಕೈಯ ನೆರಳು ಬಿದ್ದರೂ ಹಿಂದಕ್ಕೆ ಅಲ್ಲ, ಕೈಯ ಅಡಿಗೇ ಬೀಳುತ್ತದೆ.

ಮುಂಬದಿಗೆ ತಂದಾಗ ಒಂದು ತೊಡಕಿದೆ. ನಿಂತವರಿಗೆ ಕಾಣದಿದ್ದರೂ, ಊಟದ ಮೇಜಿನ ಬಳಿ ಕುಳಿತವರ ಕಣ್ಣಿಗೆ ದೀಪ ನೇರವಾಗಿ ಚುಚ್ಚುತ್ತದೆ. ಅಡುಗೆಮನೆ ಮತ್ತು ಊಟದ ಕೋಣೆಗಳ ನಡುವೆ ಗೋಡೆ ಇಲ್ಲದ ಫ್ಲಾಟುಗಳಲ್ಲಿ ಇದು ದಿನನಿತ್ಯದ ಕಿರಿಕಿರಿ. ಕಪಾಟಿನ ಬಾಗಿಲನ್ನು ತಳದ ಹಲಗೆಗಿಂತ ಮೂರು ಸೆಂ.ಮೀ. ಕೆಳಗೆ ಇಳಿಬಿಡುವುದು ಅಥವಾ ಅಷ್ಟೇ ಎತ್ತರದ ಒಂದು ಮರದ ಪಟ್ಟಿಯನ್ನು ಮುಂದೆ ಹೊಡೆಯುವುದು ಇದಕ್ಕೆ ಸರಳ ಪರಿಹಾರ. 45 ಡಿಗ್ರಿ ಓರೆಯಾದ ಅಲ್ಯುಮಿನಿಯಂ ಪಟ್ಟಿಯಲ್ಲಿ ದೀಪವನ್ನು ಗೋಡೆಯ ಕಡೆಗೆ ವಾಲಿಸಿ ಕೂರಿಸುವುದು ಇನ್ನೊಂದು ದಾರಿ.

ನಮ್ಮ ಮನೆಗಳಲ್ಲಿ ಕಟ್ಟೆಗೆ ಹೊಳಪಿನ ಕಪ್ಪು ಗ್ರಾನೈಟ್ ಹಾಸುವ ರೂಢಿ ಹೆಚ್ಚು. ಅದು ಕನ್ನಡಿಯಂತೆ ವರ್ತಿಸುತ್ತದೆ. ಮುಚ್ಚಳವಿಲ್ಲದ ಎಲ್‌ಇಡಿ ಪಟ್ಟಿಯ ಒಂದೊಂದು ಚುಕ್ಕಿಯೂ ಅದರಲ್ಲಿ ಪ್ರತಿಫಲಿಸಿ ನಕ್ಷತ್ರಗಳ ಸಾಲಿನಂತೆ ಕಾಣುತ್ತದೆ. ಮೊದಲ ದಿನ ಚೆಂದವೆನಿಸುವ ಈ ನೋಟ ಹದಿನೈದು ದಿನದಲ್ಲಿ ಕಣ್ಣಿಗೆ ಆಯಾಸ ತರುತ್ತದೆ. ಹಾಲುಗಾಜಿನಂಥ ಮುಚ್ಚಳವಿರುವ ಅಲ್ಯುಮಿನಿಯಂ ಪಟ್ಟಿ ಅಥವಾ ಬೆಳಕು ಒಂದೇ ಗೆರೆಯಾಗಿ ಹೊಮ್ಮುವ ಸಿಒಬಿ ಮಾದರಿಯ ಪಟ್ಟಿ ಕಪ್ಪು ಗ್ರಾನೈಟಿನ ಮನೆಗೆ ಅನಿವಾರ್ಯವೆಂದೇ ತಿಳಿಯಬೇಕು. ಅಲ್ಯುಮಿನಿಯಂ ಪಟ್ಟಿ ಎಲ್‌ಇಡಿಯ ಶಾಖವನ್ನೂ ಹೀರಿ ಹೊರಗೆಡಹುತ್ತದೆ. ಪ್ಲೈವುಡ್ ಮೇಲೆ ನೇರ ಅಂಟಿಸಿದ ಪಟ್ಟಿ ಬೇಗ ಮಂಕಾಗುವುದಕ್ಕೂ, ಅಂಟು ಬಿಟ್ಟು ಜೋತುಬೀಳುವುದಕ್ಕೂ ಶಾಖವೇ ಮುಖ್ಯ ಕಾರಣ.

ಎಷ್ಟು ಬೆಳಕು, ಎಂಥ ಬೆಳಕು

ಹಿಂದೆ ಈ ಜಾಗಕ್ಕೆ ಸಣ್ಣ ಹ್ಯಾಲೊಜೆನ್ ದೀಪಗಳನ್ನೋ ತೆಳುವಾದ ಫ್ಲೋರೆಸೆಂಟ್ ನಳಿಕೆಗಳನ್ನೋ ಬಳಸಲಾಗುತ್ತಿತ್ತು. ಹ್ಯಾಲೊಜೆನ್‌ನ ಬಿಸಿಗೆ ಕಪಾಟಿನೊಳಗಿನ ಬೆಲ್ಲ ಕರಗುತ್ತಿತ್ತು, ನಳಿಕೆಯಲ್ಲಿ ಪಾದರಸವಿತ್ತು. ಇಂದು ಎರಡನ್ನೂ ಎಲ್‌ಇಡಿ ಪಕ್ಕಕ್ಕೆ ಸರಿಸಿದೆ.

ಕತ್ತರಿಸುವ, ಆರಿಸುವ ಕೆಲಸದ ಜಾಗಕ್ಕೆ 300ರಿಂದ 500 ಲಕ್ಸ್ ಬೆಳಕು ಸಾಕೆಂಬುದು ಬೆಳಕಿನ ವಿನ್ಯಾಸಕಾರರು ಸಾಮಾನ್ಯವಾಗಿ ಅನುಸರಿಸುವ ಅಳತೆ. ಲೆಕ್ಕ ಕಠಿಣವೇನಲ್ಲ. ಮೀಟರಿಗೆ 9.6 ವಾಟ್ ಬಳಸುವ ಎಲ್‌ಇಡಿ ಪಟ್ಟಿ ಸರಿಸುಮಾರು 800 ಲ್ಯುಮೆನ್ ಬೆಳಕು ಕೊಡುತ್ತದೆ. ಅದರ ಅರ್ಧದಷ್ಟು ಮಾತ್ರ ಕಟ್ಟೆಗೆ ತಲುಪಿತೆಂದಿಟ್ಟುಕೊಂಡರೂ, ಒಂದು ಮೀಟರ್ ಉದ್ದ, 60 ಸೆಂ.ಮೀ. ಅಗಲದ ಕಟ್ಟೆಯ ಮೇಲೆ 600 ಲಕ್ಸ್‌ಗೂ ಮೀರಿದ ಬೆಳಕು ಬೀಳುತ್ತದೆ. ಮುಚ್ಚಳ ಹೀರುವುದನ್ನು ಕಳೆದರೂ ಕೊರತೆಯಿಲ್ಲ. ಆದ್ದರಿಂದ ಮೀಟರಿಗೆ 14.4 ವಾಟ್‌ನ ಪಟ್ಟಿಯನ್ನೇ ಕೊಳ್ಳಿರೆಂದು ಅಂಗಡಿಯವರು ಒತ್ತಾಯಿಸಿದರೆ ಒಪ್ಪುವ ಅಗತ್ಯವಿಲ್ಲ. ಹೆಚ್ಚು ಬೆಳಕಿಗಿಂತ ಹೆಚ್ಚು ಶಾಖವೇ ಅದರಿಂದ ಲಾಭವಾಗುತ್ತದೆ.

ಬೆಳಕಿನ ಬಣ್ಣದ ವಿಷಯದಲ್ಲಿ ನಮ್ಮ ಒಲವು 6500 ಕೆಲ್ವಿನ್‌ನ ಹಾಲುಬಿಳುಪಿನ ಕಡೆಗೆ. ಟ್ಯೂಬ್‌ಲೈಟ್ ಕಾಲದಿಂದ ಬಂದ ಅಭ್ಯಾಸವಿದು. 3000 ಕೆಲ್ವಿನ್‌ನ ಹಳದಿ ಬೆಳಕು ಬೈಠಕ್‌ಖಾನೆಗೆ ಹಿತ. ಅಡುಗೆಕಟ್ಟೆಗೆ 4000 ಕೆಲ್ವಿನ್‌ನ ಸಮಬಣ್ಣ ಸೂಕ್ತವೆಂಬುದು ಈ ಬರಹದ ಅಭಿಪ್ರಾಯ. ಆದರೆ ಕೆಲ್ವಿನ್‌ಗಿಂತ ಮುಖ್ಯವಾದ, ಯಾರೂ ಕೇಳದ ಸಂಖ್ಯೆಯೊಂದಿದೆ. ಅದು ಸಿಆರ್‌ಐ, ಅಂದರೆ ವಸ್ತುಗಳ ನಿಜಬಣ್ಣವನ್ನು ಆ ಬೆಳಕು ಎಷ್ಟರಮಟ್ಟಿಗೆ ತೋರಿಸುತ್ತದೆ ಎಂಬ ಸೂಚ್ಯಂಕ. ಸಾಧಾರಣ ಪಟ್ಟಿಗಳು 80ರ ಆಸುಪಾಸಿನಲ್ಲಿರುತ್ತವೆ. 90 ಅಥವಾ ಅದಕ್ಕೂ ಮೇಲಿನದನ್ನು ಕೇಳಿ ಪಡೆಯಬೇಕು. ಅಕ್ಕಿಯಲ್ಲಿನ ಕಲ್ಲು, ಚಳಿಗಾಲದ ಅವರೆಕಾಯಿಯ ಸಿಪ್ಪೆಯೊಳಗಿನ ಹಸಿರು ಹುಳು, ಬಾಡತೊಡಗಿದ ಮೆಂತ್ಯದ ಎಲೆಯ ಹಳದಿ, ಇವೆಲ್ಲ ಸೂಕ್ಷ್ಮ ಬಣ್ಣಭೇದದಿಂದಷ್ಟೇ ಗುರುತಿಗೆ ಬರುವಂಥವು. ಹಸಿರಿನ ನಡುವೆ ಹಸಿರನ್ನು ಹುಡುಕುವ ಕಣ್ಣಿಗೆ ಕಳಪೆ ಬೆಳಕು ಮೋಸ ಮಾಡುತ್ತದೆ. ವಯಸ್ಸಾದವರಿಗಂತೂ ಹೆಚ್ಚು ಬೆಳಕೂ ಬೇಕು, ನಿಜಬಣ್ಣವೂ ಬೇಕು.

12 ವೋಲ್ಟ್, 24 ವೋಲ್ಟ್ ಮತ್ತು ತ್ಯಜಿಸಬೇಕಾದ 230 ವೋಲ್ಟ್

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಂಥ ವಿದ್ಯುತ್ ಸಾಮಗ್ರಿಯ ಪೇಟೆಗಳಲ್ಲಿ ಎಲ್‌ಇಡಿ ಪಟ್ಟಿ ಎಂದು ಕೇಳಿದರೆ ಎರಡು ತೀರಾ ಭಿನ್ನ ವಸ್ತುಗಳು ಸಿಗುತ್ತವೆ. ಒಂದು 12 ಅಥವಾ 24 ವೋಲ್ಟ್‌ನ ನೇರ ವಿದ್ಯುತ್ತಿನಲ್ಲಿ ಬೆಳಗುವ ಪಟ್ಟಿ. ಇದಕ್ಕೆ ಡ್ರೈವರ್ ಎಂಬ ಪ್ರತ್ಯೇಕ ಪೆಟ್ಟಿಗೆ ಬೇಕು. ಇನ್ನೊಂದು, ಫಾಲ್ಸ್ ಸೀಲಿಂಗ್‌ಗೂ ಹಬ್ಬದ ಅಲಂಕಾರಕ್ಕೂ ಮೀಟರ್ ಲೆಕ್ಕದಲ್ಲಿ ಮಾರುವ, ಮನೆಯ 230 ವೋಲ್ಟ್‌ಗೆ ನೇರವಾಗಿ ಜೋಡಿಸುವ ಪಟ್ಟಿ. ಎರಡನೆಯದು ಅಗ್ಗ, ಡ್ರೈವರಿನ ತಲೆನೋವಿಲ್ಲ. ಕೆಲವು ಕುಶಲಕರ್ಮಿಗಳು ಅದನ್ನೇ ತಂದು ಕಪಾಟಿನಡಿ ಅಂಟಿಸಿಬಿಡುತ್ತಾರೆ. ಕೈಗೆಟಕುವ ಎತ್ತರದಲ್ಲಿ, ಸಿಂಕಿನ ಪಕ್ಕದಲ್ಲಿ, ಒದ್ದೆ ಬಟ್ಟೆಯಿಂದ ನಿತ್ಯ ಒರೆಸುವ ಜಾಗದಲ್ಲಿ ಪೂರ್ಣ ವೋಲ್ಟೇಜಿನ ತೆಳು ಪ್ಲಾಸ್ಟಿಕ್ ಪಟ್ಟಿ ಇರಬಾರದು. ಅದರ ತುದಿಯ ಮುಚ್ಚಳವೊಂದು ಕಳಚಿದರೆ ಸಾಕು, ಒರೆಸುವ ಕೈಗೆ ವಿದ್ಯುತ್ ತಗಲುತ್ತದೆ. ಈ ಬರಹದಿಂದ ಓದುಗರು ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ.

ಉಳಿದ ಎರಡರಲ್ಲಿ 24 ವೋಲ್ಟ್ ಮೇಲು. ಕಾರಣ ಸರಳ. 14.4 ವಾಟ್‌ನ ಐದು ಮೀಟರ್ ಪಟ್ಟಿ ಒಟ್ಟು 72 ವಾಟ್ ಬೇಡುತ್ತದೆ. 12 ವೋಲ್ಟ್‌ನಲ್ಲಿ ಅದು 6 ಆಂಪಿಯರ್, 24 ವೋಲ್ಟ್‌ನಲ್ಲಿ 3 ಆಂಪಿಯರ್. ಪಟ್ಟಿಯ ತೆಳು ತಾಮ್ರದಲ್ಲಿ ಕರೆಂಟು ಹೆಚ್ಚಿದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿ, ದೂರದ ತುದಿ ಮಂಕಾಗುತ್ತದೆ. ಎರಡು ಮೀಟರ್‌ನ ಪುಟ್ಟ ಕಟ್ಟೆಗೆ 12 ವೋಲ್ಟ್ ಸಾಕು. ‘ಎಲ್’ ಆಕಾರದ ಉದ್ದನೆಯ ಕಟ್ಟೆಯಿದ್ದರೆ 24 ವೋಲ್ಟ್ ತರಬೇಕು, ಅಥವಾ ಡ್ರೈವರ್‌ನ ತಂತಿಯನ್ನು ಪಟ್ಟಿಯ ನಡುಭಾಗಕ್ಕೆ ಕೊಟ್ಟು ಎರಡೂ ಕಡೆ ಹಂಚಬೇಕು.

ಡ್ರೈವರ್‌ನ ಸಾಮರ್ಥ್ಯ ಪಟ್ಟಿಯ ಬೇಡಿಕೆಗಿಂತ ಕನಿಷ್ಠ ಐದನೇ ಒಂದು ಪಾಲು ಹೆಚ್ಚಿರಲಿ. 9.6 ವಾಟ್‌ನ ಮೂರು ಮೀಟರ್ ಎಂದರೆ 29 ವಾಟ್; ಅದಕ್ಕೆ 36 ವಾಟ್‌ನ ಡ್ರೈವರ್ ಸರಿಯಾಗುತ್ತದೆ. ಎಲ್‌ಇಡಿ ಡ್ರೈವರ್‌ಗಳಿಗೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ ಬ್ಯೂರೊದ ಗುರುತಿನೊಂದಿಗೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ ಕೊಳ್ಳಬೇಕು. ಅನೇಕ ಮನೆಗಳಲ್ಲಿ ‘ಎಲ್‌ಇಡಿ ಹೋಯಿತು’ ಎಂದು ಕಿತ್ತೆಸೆಯುವ ಪಟ್ಟಿ ಚೆನ್ನಾಗಿಯೇ ಇರುತ್ತದೆ, ಸತ್ತಿರುವುದು ಡ್ರೈವರ್. ಅದರೊಳಗಿನ ಕೆಪಾಸಿಟರ್‌ಗಳಿಗೆ ಶಾಖವೇ ಶತ್ರು. ಆದ್ದರಿಂದ ಡ್ರೈವರನ್ನು ಚಿಮಣಿಯ ಪಕ್ಕದಲ್ಲಿ ಅಥವಾ ಮಸಾಲೆ ಡಬ್ಬಿಗಳ ಹಿಂದೆ ಉಸಿರುಗಟ್ಟುವಂತೆ ಅಡಗಿಸದೆ, ಮೇಲಿನ ಕಪಾಟಿನ ನೆತ್ತಿಯ ಮೇಲೆ, ಗಾಳಿಯಾಡುವ ಕಡೆ, ಏಣಿ ಹಾಕಿದರೆ ಕೈಗೆಟಕುವಂತೆ ಇಡುವುದು ಲೇಸು.

ಇನ್ವರ್ಟರ್ ಇರುವ ಮನೆಯ ಗುಪ್ತ ಅಪಾಯ

ಬೇರೆ ದೇಶಗಳ ಕೈಪಿಡಿಗಳನ್ನು ನೋಡಿ ಕೆಲಸಕ್ಕಿಳಿಯುವ ಉತ್ಸಾಹಿಗಳು ಎಡವುವುದು ಇಲ್ಲಿ. ಆ ಕೈಪಿಡಿಗಳು ಮೈನ್ ಸ್ವಿಚ್ ಆಫ್ ಮಾಡಿ ಕೆಲಸ ಆರಂಭಿಸಿ ಎನ್ನುತ್ತವೆ. ನಮ್ಮ ನಗರಗಳ ಬಹಳಷ್ಟು ಮನೆಗಳಲ್ಲಿ, ಆಡುಮಾತಿನಲ್ಲಿ ಯುಪಿಎಸ್ ಎಂದು ಕರೆಯುವ ಇನ್ವರ್ಟರ್ ಇದೆ. ದೀಪ ಮತ್ತು ಫ್ಯಾನ್‌ಗಳ ಸಾಲು ಅದಕ್ಕೆ ಜೋಡಿಸಿರುತ್ತದೆ. ಅಡುಗೆಮನೆಯ ದೀಪ ಸಾಮಾನ್ಯವಾಗಿ ಆ ಸಾಲಿನಲ್ಲೇ ಇರುತ್ತದೆ. ಮೈನ್ ಆಫ್ ಮಾಡಿದೊಡನೆ ಇನ್ವರ್ಟರ್ ಕರೆಂಟು ಹೋಯಿತೆಂದೇ ತಿಳಿದು, ಬ್ಯಾಟರಿಯಿಂದ ಅದೇ ತಂತಿಗೆ 230 ವೋಲ್ಟ್ ಹರಿಸಲು ಆರಂಭಿಸುತ್ತದೆ. ಫ್ರಿಜ್ ನಿಂತಿದೆ, ಆದ್ದರಿಂದ ಕರೆಂಟಿಲ್ಲ ಎಂದು ನಂಬಿ ತಂತಿ ಮುಟ್ಟಿದವರಿಗೆ ಅದು ಪ್ರಾಣಾಂತಿಕವಾಗಬಲ್ಲದು. ಮೈನ್ ಜತೆಗೆ ಇನ್ವರ್ಟರನ್ನೂ ಆಫ್ ಮಾಡಿ, ಅದರ ಔಟ್‌ಪುಟ್ ಸಾಲಿನ ಎಂಸಿಬಿಯನ್ನೂ ಇಳಿಸಿ, ಮಲ್ಟಿಮೀಟರ್‌ನಿಂದ ತಂತಿ ತಂತಿಯನ್ನೂ ಪರೀಕ್ಷಿಸಿದ ಬಳಿಕವಷ್ಟೇ ಕೈಹಾಕಬೇಕು. ಜೇಬಿನ ನಿಯಾನ್ ಟೆಸ್ಟರ್ ಉರಿಯಲಿಲ್ಲವೆಂಬುದು ಸಾಕಾದ ಸಾಕ್ಷ್ಯವಲ್ಲ. ತಂತಿಯ ಬಣ್ಣವನ್ನೂ ಹಳೆಯ ಮನೆಗಳಲ್ಲಿ ನಂಬುವಂತಿಲ್ಲ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂಬುದು ರೂಢಿಯಾದರೂ, ಅಂದು ಕೈಗೆ ಸಿಕ್ಕ ತಂತಿಯನ್ನೇ ಎಳೆದುಬಿಟ್ಟ ಮನೆಗಳು ವಿರಳವಲ್ಲ.

ಇದರದೇ ಇನ್ನೊಂದು ಮುಖ ನ್ಯೂಟ್ರಲ್ ಬೆರಕೆ. ಹೊಸ ದೀಪದ ಫೇಸ್ ತಂತಿಯನ್ನು ಇನ್ವರ್ಟರ್ ಸಾಲಿನ ಸ್ವಿಚ್‌ನಿಂದಲೂ, ನ್ಯೂಟ್ರಲ್ ತಂತಿಯನ್ನು ಹತ್ತಿರವಿದೆಯೆಂದು ಮಿಕ್ಸಿಯ ಸಾಕೆಟ್‌ನಿಂದಲೂ ಪಡೆದರೆ ದೀಪವೇನೋ ಹೊತ್ತಿಕೊಳ್ಳಬಹುದು. ಆದರೆ ಹೋದ ಕರೆಂಟು ಅದೇ ದಾರಿಯಲ್ಲಿ ಮರಳದ ಕಾರಣ, ಸೋರಿಕೆ ಪತ್ತೆ ಮಾಡುವ ಆರ್‌ಸಿಸಿಬಿ ಪದೇ ಪದೇ ಬೀಳತೊಡಗುತ್ತದೆ. ಮನೆಯವರು ರೋಸಿಹೋಗಿ, ಯಾರದೋ ಸಲಹೆಯಂತೆ ಆರ್‌ಸಿಸಿಬಿಯನ್ನೇ ತೆಗೆಸಿ ಹಾಕುತ್ತಾರೆ. ಸೋರಿಕೆ 30 ಮಿಲಿ ಆಂಪಿಯರ್ ಆಗುವಷ್ಟರಲ್ಲಿ ಕರೆಂಟು ಕಡಿದು ಮನೆಮಂದಿಯನ್ನು ಕಾಯುವ ಸಾಧನವದು. ದೀಪದ ಜೋಡಣೆ ತಪ್ಪಿದ್ದಕ್ಕೆ ಕಾವಲುಗಾರನನ್ನು ಹೊರಹಾಕಿದಂತಾಯಿತು. ಫೇಸ್ ಎಲ್ಲಿಂದಲೋ ನ್ಯೂಟ್ರಲ್ ಕೂಡ ಅಲ್ಲಿಂದಲೇ ಬರಬೇಕೆಂಬುದು ಇಲ್ಲಿ ಮೀರಬಾರದ ನಿಯಮ. ಮೈನ್ ಬೋರ್ಡಿನ ಆರ್‌ಸಿಸಿಬಿ, ಇನ್ವರ್ಟರ್ ಬ್ಯಾಟರಿಯಿಂದ ಓಡುವಾಗ ಆ ಸಾಲನ್ನು ಕಾಯಲಾರದೆಂಬುದನ್ನೂ ಗಮನಿಸಬೇಕು. ಇನ್ವರ್ಟರ್‌ನ ಔಟ್‌ಪುಟ್ ಸಾಲಿಗೆ ಪ್ರತ್ಯೇಕ ಆರ್‌ಸಿಸಿಬಿ ಇದ್ದರೆ ಉತ್ತಮ.

ಇಷ್ಟೆಲ್ಲ ಹೇಳಿದ ಮೇಲೆ ಕೆಲಸದ ಹಂಚಿಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಡ್ರೈವರ್‌ನಿಂದ ಕೆಳಗಿನ 12 ಅಥವಾ 24 ವೋಲ್ಟ್‌ನ ಕೆಲಸವನ್ನು ಕೈಕೆಲಸದಲ್ಲಿ ಆಸಕ್ತಿಯಿರುವ ಯಾರಾದರೂ ಮಾಡಿಕೊಳ್ಳಬಹುದು. ಡ್ರೈವರ್‌ವರೆಗಿನ 230 ವೋಲ್ಟ್‌ನ ಸಾಲನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಕಪಾಟು ಕೂರಿಸಲು ಬಂದ ಬಡಗಿ ‘ಇದೂ ಒಂದು ನಾವೇ ಮಾಡಿಬಿಡುತ್ತೇವೆ’ ಎಂದಾಗ ನಯವಾಗಿ ನಿರಾಕರಿಸುವುದು ಕ್ಷೇಮ.

ಅಳವಡಿಕೆ

ಮೊದಲಿಗೆ, ಏನನ್ನೂ ಕೊರೆಯದೆ, ಪಟ್ಟಿಯನ್ನು ಕಾಗದದ ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ಡ್ರೈವರನ್ನು ಪ್ಲಗ್‌ಗೆ ಹಾಕಿ, ಒಂದು ಸಂಜೆ ಅದರಡಿ ನಿಜವಾಗಿಯೇ ಅಡುಗೆ ಮಾಡಿ ನೋಡಬೇಕು. ಅಡುಗೆ ಮಾಡುವವರೇ ನೋಡಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ದೀಪದ ಜಾಗವನ್ನು ನಿರ್ಧರಿಸುವವರು ಬಹುತೇಕ ಮನೆಗಳಲ್ಲಿ ಬೇರೆಯವರು. ನಿಲ್ಲುವವರ ಎತ್ತರಕ್ಕೆ ತಕ್ಕಂತೆ ದೀಪವನ್ನು ಎರಡು ಸೆಂ.ಮೀ. ಹಿಂದೆ ಮುಂದೆ ಸರಿಸುವುದರಿಂದಲೂ ವ್ಯತ್ಯಾಸ ಕಾಣುತ್ತದೆ.

ಜಾಗ ಖಚಿತವಾದ ಮೇಲೆ ಕಪಾಟಿನ ತಳವನ್ನು ಜಿಡ್ಡು ಬಿಡುವಂತೆ ಸೋಪಿನ ನೀರಿನಿಂದ ಒರೆಸಿ, ಪೂರ್ತಿ ಒಣಗಿಸಬೇಕು. ಒಗ್ಗರಣೆಯ ಹೊಗೆ ಕೂತ ಹಲಗೆಗೆ ಯಾವ ಅಂಟೂ ನಿಲ್ಲದು. ಅಲ್ಯುಮಿನಿಯಂ ಪಟ್ಟಿಗೆ ಅಂಟಿಗಿಂತ ತಿರುಪು ವಾಸಿ. ತಳದ ಹಲಗೆ ಸಾಮಾನ್ಯವಾಗಿ 18 ಮಿ.ಮೀ. ದಪ್ಪವಿರುವುದರಿಂದ 12 ಮಿ.ಮೀ. ತಿರುಪು ಸಾಕು, ಉದ್ದದ್ದಾದರೆ ಒಳಗಿಟ್ಟ ತಟ್ಟೆಗಳ ನಡುವೆ ಮೊನೆ ಹೊರಬರುತ್ತದೆ. ಸಿಂಕಿನ ಮೇಲ್ಭಾಗದ ಗೋಡೆಯನ್ನು ಕೊರೆಯುವ ಮುನ್ನ ನೀರಿನ ಕೊಳವೆ ಮತ್ತು ಹಳೆಯ ವಿದ್ಯುತ್ ಕೊಳವೆ ಎಲ್ಲಿ ಹಾದುಹೋಗಿವೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಎಲ್‌ಇಡಿ ಪಟ್ಟಿಯನ್ನು ಅದರ ಮೇಲೆ ಗುರುತಿಸಿದ ಗೆರೆಯಲ್ಲಿ ಮಾತ್ರ ಕತ್ತರಿಸಬೇಕು. ಮೂಲೆ ಬಂದಾಗ ಪಟ್ಟಿಯನ್ನು ಅಡ್ಡಡ್ಡಲಾಗಿ ಬಗ್ಗಿಸಿದರೆ ಒಳಗಿನ ತಾಮ್ರ ಬಿರುಕುಬಿಡುತ್ತದೆ. ಅಲ್ಲಿ ಕತ್ತರಿಸಿ, ತಂತಿಯಿಂದ ಮುಂದಿನ ತುಂಡಿಗೆ ಸೇರಿಸಬೇಕು. ಒತ್ತಿ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳು ಸುಲಭವೆನಿಸಿದರೂ ಉಗಿ ಸೇರಿ ಕಿಲುಬು ಹಿಡಿಯುತ್ತವೆ. ಬೆಸುಗೆ ಹಾಕಿ ಮೇಲೆ ಕುಗ್ಗುವ ಕೊಳವೆ ತೊಡಿಸುವುದೇ ಬಾಳಿಕೆಯ ವಿಧಾನ. ಧನ, ಋಣ ತಂತಿಗಳು ಅದಲುಬದಲಾದರೆ ಪಟ್ಟಿ ಬೆಳಗುವುದಿಲ್ಲ, ಅಷ್ಟೇ, ಗಾಬರಿಯ ಅಗತ್ಯವಿಲ್ಲ. ಸಿಂಕಿನ ಮೇಲಿನ ಭಾಗಕ್ಕೆ ಐಪಿ 65 ದರ್ಜೆಯ, ಅಂದರೆ ದೂಳಿಗೂ ನೀರಿನ ಸಿಡಿತಕ್ಕೂ ಜಗ್ಗದ ಪಟ್ಟಿ ಬೇಕು. ಉಳಿದೆಡೆ ಮುಚ್ಚಳವಿರುವ ಅಲ್ಯುಮಿನಿಯಂ ಪಟ್ಟಿಯೊಳಗೆ ಸಾಧಾರಣ ದರ್ಜೆಯದೂ ನಡೆಯುತ್ತದೆ. ಡ್ರೈವರ್‌ನ ಹೊರಮೈ ಲೋಹದ್ದಾಗಿದ್ದು ಅರ್ಥ್ ತಂತಿಗೆ ಜಾಗ ಕೊಟ್ಟಿದ್ದರೆ, ಅದನ್ನು ಜೋಡಿಸದೆ ಬಿಡಕೂಡದು.

ಒಲೆಯ ನೇರ ಮೇಲ್ಭಾಗದಲ್ಲಿ ಪಟ್ಟಿ ಬೇಡ. ಅಲ್ಲಿಗೆ ಚಿಮಣಿಯ ದೀಪವೇ ಸಾಕು. ಒಲೆಯ ಇಕ್ಕೆಲಗಳಲ್ಲೂ ಒಂದಡಿಯಷ್ಟಾದರೂ ಬಿಟ್ಟು ಪಟ್ಟಿ ನಿಲ್ಲಿಸುವುದು ಸೂಕ್ತ.

ಸ್ವಿಚ್ ಎಲ್ಲಿರಬೇಕು ಎಂಬುದರ ಬಗ್ಗೆ ಯೋಚಿಸುವವರು ಕಡಿಮೆ. ಒದ್ದೆ ಕೈಯಿಂದ ಮುಟ್ಟುವ ಸಂದರ್ಭವೇ ಇಲ್ಲಿ ಹೆಚ್ಚಾದ್ದರಿಂದ ಸಿಂಕಿನಿಂದ ದೂರ, ಬಾಗಿಲ ಬಳಿ ಇರುವುದು ಒಳ್ಳೆಯದು. ಕೈ ಬೀಸಿದರೆ ಹೊತ್ತುವ ಸಂವೇದಕಗಳು ಈಗ ಸಿಗುತ್ತವೆ. ಹಿಟ್ಟು ಮೆತ್ತಿದ ಕೈಗೆ ಅವು ವರದಾನ. ಆದರೆ ಮನುಷ್ಯರು ಒಳಬಂದೊಡನೆ ತಾನಾಗಿಯೇ ಹೊತ್ತಿಕೊಳ್ಳುವ ಸಂವೇದಕವನ್ನು 230 ವೋಲ್ಟ್ ಕಡೆಗೆ ಅಳವಡಿಸುವ ಬಗ್ಗೆ ಎಚ್ಚರ ಬೇಕು. ಅಡುಗೆ ಅನಿಲ ಸೋರಿದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು ಎಂಬುದು ಎಲ್ಲರೂ ಬಲ್ಲ ನಿಯಮ. ಕಿಡಿ ಹುಟ್ಟುವುದು ಸ್ವಿಚ್ಚಿನ ಲೋಹದ ತುದಿಗಳು ಕೂಡುವಾಗ ಮತ್ತು ಬೇರ್ಪಡುವಾಗ. ರಿಲೇ ಇರುವ ಸಂವೇದಕ ಆ ನಿಯಮವನ್ನು ನಿಮ್ಮ ಅನುಮತಿಯಿಲ್ಲದೆಯೇ ಮುರಿಯುತ್ತದೆ. ಸಿಲಿಂಡರ್‌ನ ಅನಿಲ ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲಿ ಹರಡುತ್ತದೆ; ಬೆಂಗಳೂರಿನ ಕೆಲವು ಬಡಾವಣೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರವಾಗಿ ಮೇಲೇರುತ್ತದೆ. ಎರಡನೆಯದಿರುವ ಮನೆಗಳಲ್ಲಿ ಚಾವಣಿಯ ಮಟ್ಟದ ಸಂವೇದಕ ಇನ್ನೂ ಸಲ್ಲದು. ಎಲ್‌ಪಿಜಿ ಸೋರಿಕೆಯ ತುರ್ತುಕರೆ ಸಂಖ್ಯೆ 1906 ಅಡುಗೆಮನೆಯ ಹೊರಗೆ ಬರೆದಿಟ್ಟಿರಲಿ.

ಬಾಡಿಗೆ ಮನೆಯವರಿಗೆ

ಗೋಡೆ ಕೊರೆಯಲು ಮನೆ ಮಾಲೀಕರ ಒಪ್ಪಿಗೆಯಿಲ್ಲದವರು ನಿರಾಶರಾಗಬೇಕಿಲ್ಲ. ಎರಡಡಿ ಉದ್ದದ, ಸುಮಾರು 10 ವಾಟ್‌ನ ಎಲ್‌ಇಡಿ ಬ್ಯಾಟನ್ ದೀಪವೊಂದು ಕಪಾಟಿನ ಮುಂಬದಿಗೆ ಎರಡು ಕ್ಲಿಪ್ಪಿನಲ್ಲಿ ಕೂರುತ್ತದೆ. ಇದು 230 ವೋಲ್ಟ್‌ನದೇ ಆದರೂ ಪೂರ್ಣ ಮುಚ್ಚಿದ ಕವಚದೊಳಗಿರುವ ಕಾರಣ ಬಯಲು ಪಟ್ಟಿಯ ಅಪಾಯವಿಲ್ಲ, ಸಿಂಕಿನಿಂದ ದೂರವಿಟ್ಟರಾಯಿತು. ನೇರವಾದ ಚಿಕ್ಕ ಕಟ್ಟೆಯಿರುವ ಮನೆಗೆ ಇಷ್ಟೇ ಸಾಕು, ಪಟ್ಟಿ-ಡ್ರೈವರ್‌ಗಳ ಗೋಜು ಬೇಡವೇ ಬೇಡ ಎಂದೂ ಹೇಳಬಹುದು. ಕಪಾಟೇ ಇಲ್ಲದೆ ಬರಿಯ ಕಲ್ಲಿನ ಸಜ್ಜವಿರುವ ಹಳೆಯ ಮನೆಗಳಲ್ಲೂ ಸಜ್ಜದ ಅಡಿಗೆ ಇದೇ ದೀಪ ಹೊಂದುತ್ತದೆ. ಚಾರ್ಜ್ ಮಾಡಿ ಅಯಸ್ಕಾಂತದಿಂದ ಅಂಟಿಸುವ ದೀಪಗಳು ಇನ್ನೂ ಸರಳ. ಆದರೆ ಅವುಗಳ ಬೆಳಕು ಅಲ್ಪ, ಚಾರ್ಜ್ ಮುಗಿಯುವುದು ಹಾಲು ಉಕ್ಕುವ ಹೊತ್ತಿನಲ್ಲೇ.

ವಿದ್ಯುತ್ ಬಳಕೆಯ ಬಗ್ಗೆ ಆತಂಕ ಬೇಡ. 29 ವಾಟ್‌ನ ದೀಪ ದಿನಕ್ಕೆ ನಾಲ್ಕು ತಾಸು ಉರಿದರೆ ತಿಂಗಳಿಗೆ ಮೂರೂವರೆ ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಉಚಿತ ಬಳಕೆಯ ಮಿತಿಯನ್ನು ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ ನಿಗದಿ ಮಾಡಲಾಗಿದೆ. ಆ ಮಿತಿಯ ಅಂಚಿನಲ್ಲಿರುವವರು ಈ ಮೂರೂವರೆ ಯೂನಿಟ್ಟನ್ನು ಲೆಕ್ಕಕ್ಕೆ ಹಿಡಿಯಬಹುದು. ಕಟ್ಟೆಯ ದೀಪ ಬಂದ ಮೇಲೆ ಚಾವಣಿಯ ಟ್ಯೂಬ್‌ಲೈಟ್ ಆರಿಸಿಯೇ ಇಡುವ ಮನೆಗಳಲ್ಲಿ ವ್ಯತ್ಯಾಸ ಇನ್ನೂ ಕಡಿಮೆ.

ತಿಂಗಳಿಗೊಮ್ಮೆ ದೀಪ ಆರಿಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಮುಚ್ಚಳದ ಜಿಡ್ಡು ಒರೆಸಬೇಕು. ಜಿಡ್ಡಿನ ತೆಳುಪದರವೇ ಬೆಳಕಿನ ಗಣನೀಯ ಭಾಗವನ್ನು ನುಂಗುತ್ತದೆ. ಕೆಲಸ ಮುಗಿದ ದಿನವೇ ಡ್ರೈವರ್‌ನ ವೋಲ್ಟ್, ವಾಟ್ ಮತ್ತು ಕೊಂಡ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿಡಿ. ನಾಲ್ಕೈದು ವರ್ಷದ ಬಳಿಕ ಬದಲಿ ಡ್ರೈವರ್ ತರಲು ಅಂಗಡಿಗೆ ಹೋದಾಗ ಅಲ್ಲಿ ಕೇಳುವ ಮೊದಲ ಪ್ರಶ್ನೆ 12 ವೋಲ್ಟೋ 24 ವೋಲ್ಟೋ ಎಂಬುದು. 12 ವೋಲ್ಟ್‌ನ ಪಟ್ಟಿಗೆ 24 ವೋಲ್ಟ್‌ನ ಡ್ರೈವರ್ ಜೋಡಿಸಿದರೆ ಪಟ್ಟಿ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ.